ಮಕ್ಕಳ ತೋಳಲ್ಲಿ ಕಡಲು ದಾಟಿದ ಲಸಿಕೆ

ಎರಡು ಜೊತೆ ಬೂಟು. ಆರು ಅಂಗಿ. ಒಂದು ಟೋಪಿ. ತೆಳು ಬಟ್ಟೆಯ ಮೂರು ಪ್ಯಾಂಟು, ಅವಕ್ಕೆ ಹೊಂದುವ ಜಾಕೆಟ್ಟು. ಚಳಿ ಜಾಸ್ತಿಯಾದರೆ ಹಾಕಿಕೊಳ್ಳೋಕೆ ದಪ್ಪ ಬಟ್ಟೆಯ ಇನ್ನೊಂದು ಪ್ಯಾಂಟು. ಕತ್ತಿಗೆ ಕಟ್ಟಿಕೊಳ್ಳಲು ಮೂರು ಕರವಸ್ತ್ರ, ಮೂಗು ಒರೆಸಿಕೊಳ್ಳಲು ಬೇರೆ ಮೂರು. ಒಂದು ಬಾಚಣಿಗೆ. ಊಟಕ್ಕೆ ಒಂದು ಲೋಟ, ಒಂದು ತಟ್ಟೆ, ಚಮಚಗಳ ಒಂದು ಸೆಟ್ಟು.

1803ರಲ್ಲಿ ಸ್ಪೇನಿನ ವಾಯವ್ಯ ಮೂಲೆಯ ಲಾ ಕೊರುನ್ಯಾ ಬಂದರಿನಲ್ಲಿ ಒಬ್ಬೊಬ್ಬ ಹುಡುಗನಿಗೂ ಕಟ್ಟಿಕೊಟ್ಟ ಗಂಟು ಇದು. ಹುಡುಗರು ಒಟ್ಟು 22 ಮಂದಿ. ಮೂರು ವರ್ಷದವರಿಂದ ಒಂಬತ್ತು ವರ್ಷದವರ ತನಕ. ಹೆಚ್ಚಿನವರು ಅನಾಥರು, ಹೆತ್ತವರು ಬಿಟ್ಟುಹೋದ ಮಕ್ಕಳು. ಆ ವರ್ಷ ನವೆಂಬರ್ 30ರಂದು ಅವರು ಹತ್ತಿದ್ದ 'ಮರಿಯಾ ಪೀಟಾ' ಅನ್ನೋ ಹಡಗು ಅಮೆರಿಕದ ಕಡೆ ಹೊರಟಿತು. ಒಯ್ಯುತ್ತಿದ್ದದ್ದು ಸಿಡುಬಿನ ಲಸಿಕೆ. ಹಡಗಿನಲ್ಲಿ ಪೆಟ್ಟಿಗೆಗಳೇನೋ ಬೇಕಾದಷ್ಟಿದ್ದವು. ಆದರೆ ಎಲ್ಲರೂ ನಂಬಿಕೊಂಡಿದ್ದ ಲಸಿಕೆ ಇದ್ದದ್ದು ಈ ಮಕ್ಕಳ ತೋಳಲ್ಲಿ.

ಮೊದಲ ಸಲ ಓದಿದಾಗ ನಾನು ನಂಬಲೇ ಇಲ್ಲ. ತೋಳಲ್ಲಿ ಲಸಿಕೆ ಒಯ್ಯೋದು ಅಂದ್ರೆ ಏನು? ಬಾಟಲಿ ಇರಲಿಲ್ವಾ? ಐಸ್ ಪೆಟ್ಟಿಗೆ ಇರಲಿಲ್ವಾ? ಇರಲಿಲ್ಲ, ಅದೇ ತೊಂದರೆ. ಇದನ್ನು ಸ್ವಲ್ಪ ನಿಧಾನವಾಗಿ ಬಿಡಿಸಿ ನೋಡಬೇಕು. ಯಾಕೆಂದರೆ ಇದೇ ಕತೆಯ ಇನ್ನೊಂದು ಕವಲು ನಮ್ಮ ಮೈಸೂರು ಅರಮನೆಗೆ ಬಂದು ನಿಲ್ಲುತ್ತದೆ.

ಅಮ್ಮ ಬಂದಿದ್ದಾಳೆ

ನಮ್ಮ ಕಡೆ ಮಗುವಿನ ಮೈಮೇಲೆ ನೀರುಗುಳ್ಳೆ ಎದ್ದರೆ ಈಗಲೂ 'ಅಮ್ಮ ಬಂದಿದ್ದಾಳೆ' ಅನ್ನುತ್ತಾರೆ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಾರೆ. ಮನೆಯಲ್ಲಿ ಒಗ್ಗರಣೆ ಹಾಕೋದಿಲ್ಲ. ಈಗ ಬರುವ ಆ ಅಮ್ಮ ಸೀತಾಳೆ ಸಿಡುಬು, ಅಂದರೆ ಚಿಕನ್‌ಪಾಕ್ಸ್. ವಾರ ಹತ್ತು ದಿನ ಕಾಡಿಸಿ ಹೊರಟುಹೋಗುತ್ತಾಳೆ. ಆದರೆ ಆ ಹೆಸರು, ಆ ಭಯ, ಆ ಬೇವಿನ ಸೊಪ್ಪು ಎಲ್ಲ ಬಂದಿದ್ದು ದೊಡ್ಡ ಸಿಡುಬಿನಿಂದ. ಮೈಲಿ ಅನ್ನುತ್ತಿದ್ದರಲ್ಲ, ಅದರಿಂದ. ಎರಡೂ ಬೇರೆ ಬೇರೆ ಜಾತಿಯ ವೈರಸ್ಸು. ಒಂದು ಕಾಟ ಕೊಡುತ್ತದೆ, ಇನ್ನೊಂದು ಪ್ರಾಣ ತೆಗೆಯುತ್ತಿತ್ತು.

ದೊಡ್ಡ ಸಿಡುಬು ಹತ್ತಿದ ಹತ್ತು ಜನರಲ್ಲಿ ಸುಮಾರು ಮೂವರು ಸಾಯುತ್ತಿದ್ದರು. ಉಳಿದವರ ಮುಖದ ತುಂಬ ಕುಳಿ. ಕೆಲವರ ಕಣ್ಣೇ ಹೋಗುತ್ತಿತ್ತು. ಅರಮನೆ, ಗುಡಿಸಲು ಅನ್ನೋ ಭೇದ ಅದಕ್ಕಿರಲಿಲ್ಲ. ಫ್ರಾನ್ಸಿನ ದೊರೆ 15ನೇ ಲೂಯಿ 1774ರಲ್ಲಿ ಸತ್ತಿದ್ದು ಇದರಿಂದಲೇ. ಸ್ಪೇನಿನ ದೊರೆ 4ನೇ ಕಾರ್ಲೋಸ್ ತನ್ನ ಪುಟ್ಟ ಮಗಳನ್ನು 1794ರಲ್ಲಿ ಕಳೆದುಕೊಂಡಿದ್ದೂ ಇದಕ್ಕೇ. ಒಂಬತ್ತು ವರ್ಷದ ನಂತರ ಆ ಹಡಗಿನ ಖರ್ಚು ಹೊತ್ತವನು ಇದೇ ದೊರೆ.

ಸಿಡುಬಿನ ಬಗ್ಗೆ ಒಂದೇ ಒಂದು ಸಮಾಧಾನದ ಸಂಗತಿ ಇತ್ತು. ಒಮ್ಮೆ ಬಂದು ಬದುಕಿದವರಿಗೆ ಮತ್ತೆ ಬರುತ್ತಿರಲಿಲ್ಲ. ಇದನ್ನು ಗಮನಿಸಿದ ಜನ ಒಂದು ಉಪಾಯ ಹುಡುಕಿಕೊಂಡಿದ್ದರು. ಹೇಗೂ ಬರೋದೇ ಆದರೆ ನಾವೇ ಬೇಕಾದ ಹೊತ್ತಲ್ಲಿ ಒಂಚೂರು ಬರಿಸಿಕೊಳ್ಳೋಣ ಅಂತ. ಬಂಗಾಳದಲ್ಲಿ ಟೀಕಾದಾರರು ಅನ್ನೋರು ಊರೂರು ತಿರುಗಿ, ರೋಗಿಯ ಗುಳ್ಳೆಯ ಕೀವನ್ನು ಆರೋಗ್ಯವಂತರ ತೋಳಿಗೆ ಗೀರಿ ಸೇರಿಸುತ್ತಿದ್ದರು. ಚೀನಾದಲ್ಲಿ ಒಣಗಿದ ಹಕ್ಕಳೆಯನ್ನು ಪುಡಿ ಮಾಡಿ ಮೂಗಿಗೆ ಊದುತ್ತಿದ್ದರು. ಈ ಮೂಗಿನ ವಿಷಯವನ್ನು ನೆನಪಿಟ್ಟುಕೊಳ್ಳಿ, ಮೈಸೂರಿಗೆ ಬಂದಾಗ ಬೇಕಾಗುತ್ತದೆ. ತುರ್ಕಿಯಲ್ಲಿ ಇದನ್ನು ಕಂಡಿದ್ದ ಲೇಡಿ ಮೇರಿ ಮಾಂಟಗ್ಯೂ ಅನ್ನೋ ಇಂಗ್ಲಿಷ್ ಹೆಂಗಸು 1721ರಲ್ಲಿ ಲಂಡನ್ನಿನಲ್ಲೇ ಮಗಳಿಗೆ ಮಾಡಿಸಿದರು. ಅಲ್ಲಿಂದ ಇಂಗ್ಲೆಂಡಿಗೂ ರೂಢಿಯಾಯಿತು.

ಉಪಾಯ ಕೆಲಸವೇನೋ ಮಾಡುತ್ತಿತ್ತು. ಹೀಗೆ ಬರಿಸಿಕೊಂಡ ನೂರು ಜನರಲ್ಲಿ ಸಾಯುತ್ತಿದ್ದವರು ಒಬ್ಬರೋ ಇಬ್ಬರೋ. ಆದರೆ ಮೈಗೆ ಸೇರಿಸುತ್ತಿದ್ದದ್ದು ನಿಜವಾದ ಸಿಡುಬನ್ನೇ ಅಲ್ವಾ? ಹಾಕಿಸಿಕೊಂಡವರಿಗೆ ಸಣ್ಣದಾಗಿ ಬಂದು ಹೋಗಬಹುದು. ಅವರಿಂದ ಪಕ್ಕದ ಮನೆಯ ಮಗುವಿಗೆ ಹತ್ತಿದರೆ ಅದಕ್ಕೆ ಪೂರ್ತಿ ಸಿಡುಬೇ ಬರುತ್ತಿತ್ತು. ಮುಳ್ಳು ತೆಗೆಯೋಕೆ ಹಿಡಿದ ಮುಳ್ಳೂ ಅಷ್ಟೇ ಚೂಪಾಗಿತ್ತು.

ಹಾಲು ಕರೆಯುವವಳ ಕೈ

ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಕಡೆಯ ಕೊಟ್ಟಿಗೆಗಳಲ್ಲಿ ಒಂದು ಮಾತಿತ್ತು. ಹಸುವಿನ ಕೆಚ್ಚಲಿನ ಗುಳ್ಳೆ ಕೈಗೆ ಹತ್ತಿದವರಿಗೆ ಸಿಡುಬು ಬರೋದಿಲ್ಲ ಅಂತ. ಡಾರ್ಸೆಟ್ ಕಡೆಯ ಬೆಂಜಮಿನ್ ಜೆಸ್ಟಿ ಅನ್ನೋ ರೈತ ಇಂಥದ್ದೇ ಮಾತನ್ನು ನಂಬಿ, 1774ರಲ್ಲೇ ತನ್ನ ಹೆಂಡತಿ ಮತ್ತು ಇಬ್ಬರು ಗಂಡುಮಕ್ಕಳಿಗೆ ಕಾಲುಚೀಲ ಹೆಣೆಯುವ ಸೂಜಿಯಲ್ಲಿ ಹಸುವಿನ ಕೀವು ಚುಚ್ಚಿದ್ದ. ಅವನನ್ನು ಯಾರೂ ವಿಜ್ಞಾನಿ ಅನ್ನಲಿಲ್ಲ.

22 ವರ್ಷದ ನಂತರ, 1796ರ ಮೇ 14ರಂದು, ಬರ್ಕ್ಲಿ ಊರಿನ ವೈದ್ಯ ಎಡ್ವರ್ಡ್ ಜೆನ್ನರ್ ಇದನ್ನೇ ಕ್ರಮವಾಗಿ ಮಾಡಿ ನೋಡಿದರು. ಸಾರಾ ನೆಲ್ಮ್ಸ್ ಅನ್ನೋ ಹಾಲು ಕರೆಯುವ ಹುಡುಗಿಯ ಕೈಯಲ್ಲಿ ಗುಳ್ಳೆ ಎದ್ದಿತ್ತು. ಅವಳಿಗೆ ಅದು ಹತ್ತಿದ್ದು ಬ್ಲಾಸಮ್ ಅನ್ನೋ ಹಸುವಿನಿಂದ. ಆ ಗುಳ್ಳೆಯ ರಸವನ್ನು ಜೆನ್ನರ್ ತಮ್ಮ ತೋಟದ ಮಾಲಿಯ ಮಗ, ಎಂಟು ವರ್ಷದ ಜೇಮ್ಸ್ ಫಿಪ್ಸ್‌ನ ತೋಳಿಗೆ ಗೀರಿ ಹಾಕಿದರು. ಹುಡುಗನಿಗೆ ಒಂದೆರಡು ದಿನ ಮೈ ಬೆಚ್ಚಗಾಯಿತು, ಅಷ್ಟೆ. ಜುಲೈ ತಿಂಗಳಲ್ಲಿ ಅದೇ ಹುಡುಗನಿಗೆ ಬೇಕೆಂತಲೇ ನಿಜವಾದ ಸಿಡುಬಿನ ಕೀವು ಹಾಕಿದರು. ಏನೂ ಆಗಲಿಲ್ಲ. ಆಗಿದ್ದರೆ? ಆ ಪ್ರಶ್ನೆಯನ್ನು ಮಾಲಿಯ ಮಗನ ಪರವಾಗಿ ಕೇಳುವವರು ಅಂದು ಯಾರೂ ಇರಲಿಲ್ಲ.

1798ರಲ್ಲಿ ಜೆನ್ನರ್ ಇದನ್ನು ಅಚ್ಚು ಹಾಕಿಸಿದರು. ಲ್ಯಾಟಿನ್ನಿನಲ್ಲಿ ಹಸುವಿಗೆ 'ವಾಕ್ಕಾ'. ವ್ಯಾಕ್ಸಿನ್ ಅನ್ನೋ ಮಾತು ಹುಟ್ಟಿದ್ದು ಅಲ್ಲಿಂದ. ಬ್ಲಾಸಮ್ ಹಸುವಿನ ಚರ್ಮ ಲಂಡನ್ನಿನ ಸೇಂಟ್ ಜಾರ್ಜ್ ವೈದ್ಯಕೀಯ ಕಾಲೇಜಿಗೆ ಸೇರಿತು. (ಇನ್ನೊಂದು ತಮಾಷೆ: 1902ರ ಒಂದು ಹಳೆ ಲಸಿಕೆಯ ವಂಶವಾಹಿಯನ್ನು ಇತ್ತೀಚೆಗೆ ಪರೀಕ್ಷಿಸಿದಾಗ ಅದು ಹಸುವಿನ ಸಿಡುಬಿಗಿಂತ ಕುದುರೆಯ ಸಿಡುಬಿಗೆ ಹತ್ತಿರವಾಗಿತ್ತು. ಹೆಸರು ಹಸುವಿನದು, ನಂಟು ಕುದುರೆಯದು.)

ಹೆಪ್ಪಿನ ಲೆಕ್ಕ

ಔಷಧಿ ಸಿಕ್ಕಿತು. ಆದರೆ ಅದನ್ನು ಇನ್ನೊಂದು ಊರಿಗೆ ಒಯ್ಯೋದು ಹೇಗೆ?

ಹಸುವಿನ ಸಿಡುಬು ಎಲ್ಲ ಕಡೆ, ಎಲ್ಲ ಕಾಲದಲ್ಲೂ ಸಿಗೋ ಕಾಯಿಲೆಯಲ್ಲ. ಯೂರೋಪಿನಲ್ಲೇ ಅಪರೂಪ. ಬೇರೆ ಖಂಡಗಳಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಹಾಗಾಗಿ ಗುಳ್ಳೆಯ ರಸವನ್ನೇ ಒಯ್ಯಬೇಕು. ದಾರಕ್ಕೆ ಅದ್ದಿ ಒಣಗಿಸಿ ಕಳಿಸಿದರು. ಎರಡು ಗಾಜಿನ ತುಂಡುಗಳ ನಡುವೆ ಇಟ್ಟು ಮೇಣ ಹಚ್ಚಿ ಕಳಿಸಿದರು. ಚಳಿ ದೇಶದಲ್ಲಿ, ಹತ್ತಿರದ ಊರಿಗೆ, ಇದು ನಡೆಯುತ್ತಿತ್ತು. ಬಿಸಿಲಿನ ಕಡಲಿನಲ್ಲಿ ತಿಂಗಳುಗಟ್ಟಲೆ ಹೋಗುವ ಹಡಗಿನಲ್ಲಿ ಅಷ್ಟರೊಳಗೆ ಸತ್ತುಹೋಗಿರುತ್ತಿತ್ತು. ಈ ಲಸಿಕೆ ಅಂದರೆ ಬದುಕಿರುವ ವೈರಸ್ಸು. ಅದಕ್ಕೆ ಇರೋಕೆ ಒಂದು ಮೈ ಬೇಕು.

ನಮ್ಮ ಅಡುಗೆಮನೆಯ ಹೆಪ್ಪನ್ನು ನೆನೆಸಿಕೊಳ್ಳಿ. ಇವತ್ತಿನ ಮೊಸರಿನ ಒಂದು ಚಮಚ ನಾಳೆಯ ಹಾಲಿಗೆ. ನಾಳೆಯದರಲ್ಲಿ ಒಂದು ಚಮಚ ನಾಡಿದ್ದಿಗೆ. ಒಂದು ದಿನ ಮರೆತು ಎಲ್ಲ ಮೊಸರೂ ಖಾಲಿಯಾದರೆ ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗಬೇಕು. ಲಸಿಕೆಯೂ ಹಾಗೇ. ಒಂದು ಮಗುವಿನ ತೋಳಿನ ಗುಳ್ಳೆಯಿಂದ ಇನ್ನೊಂದು ಮಗುವಿನ ತೋಳಿಗೆ. ಅಲ್ಲಿಂದ ಮತ್ತೊಂದಕ್ಕೆ. ನಡುಗಡಲಲ್ಲಿ ಹೆಪ್ಪು ತಪ್ಪಿದರೆ ಪಕ್ಕದ ಮನೆ ಅನ್ನೋದೇ ಇಲ್ಲ.

ಮೊಸರಿಗಿಂತ ಇದು ಕಷ್ಟ. ಒಂದೇ ಪಾತ್ರೆಯಲ್ಲಿ ಎರಡನೇ ಸಲ ಹೆಪ್ಪು ಹಾಕೋಕೆ ಆಗೋದಿಲ್ಲ. ಒಮ್ಮೆ ಲಸಿಕೆ ಹಾಕಿಸಿಕೊಂಡ ಮಗುವಿನ ಮೈ ಅದನ್ನು ಗುರುತು ಹಿಡಿದುಬಿಡುತ್ತದೆ. ಮತ್ತೆ ಹಾಕಿದರೆ ಸರಿಯಾದ ಗುಳ್ಳೆ ಏಳೋದಿಲ್ಲ. ಮೊದಲೇ ಸಿಡುಬು ಬಂದು ಹೋದವರಿಗೂ ಅಷ್ಟೇ. ಆ ಕಾಲದಲ್ಲಿ ದೊಡ್ಡವರಲ್ಲಿ ಹೆಚ್ಚಿನವರಿಗೆ ಸಿಡುಬು ಬಂದು ಹೋಗಿರುತ್ತಿತ್ತು. ಹಾಗಾಗಿ ನಾವಿಕರ ತೋಳು ಪ್ರಯೋಜನವಿಲ್ಲ. ಮಕ್ಕಳೇ ಬೇಕು. ಒಂಬತ್ತು ವರ್ಷದೊಳಗಿನವರು, ಸಿಡುಬು ಮುಟ್ಟದವರು.

ಇನ್ನು ದಿನದ ಲೆಕ್ಕ. ಗೀರಿದ ಮೂರ್ನಾಲ್ಕು ದಿನಕ್ಕೆ ಕೆಂಪು ಗಂಟು ಏಳುತ್ತದೆ. ಐದಾರು ದಿನಕ್ಕೆ ನೀರು ತುಂಬುತ್ತದೆ. ಎಂಟರಿಂದ ಹತ್ತನೇ ದಿನದೊಳಗೆ ರಸ ತಿಳಿಯಾಗಿ, ತೆಗೆಯೋಕೆ ಹದವಾಗಿರುತ್ತದೆ. ಅದನ್ನು ಬಿಟ್ಟರೆ ಕೀವಾಗಿ, ಒಣಗಿ, ಹಕ್ಕಳೆ ಕಟ್ಟುತ್ತದೆ. ಮೂರು ವಾರದ ಹೊತ್ತಿಗೆ ಹಕ್ಕಳೆ ಉದುರಿ ಗುಂಡನೆಯ ಕಲೆ ಉಳಿಯುತ್ತದೆ. ನಮ್ಮಜ್ಜಿಯ ತೋಳಲ್ಲಿ ಅಂಥ ಎರಡು ಕಲೆಗಳಿದ್ದವು, ನಾಲ್ಕಾಣೆಯಷ್ಟು ಅಗಲ. 'ದಾಕು ಹಾಕಿದ್ದು' ಅನ್ನುತ್ತಿದ್ದರು. ಚಿಕ್ಕವನಿದ್ದಾಗ ಅದರ ಮೇಲೆ ಬೆರಳಿಟ್ಟು ಆಡುತ್ತಿದ್ದೆ. ನಯವಾಗಿ, ತೆಳ್ಳಗೆ, ಸುತ್ತಲಿನ ಚರ್ಮಕ್ಕಿಂತ ಒಂಚೂರು ಒಳಗೆ ಇರುತ್ತಿತ್ತು.

ಅಂದರೆ ಒಂಬತ್ತು ಹತ್ತು ದಿನಕ್ಕೊಮ್ಮೆ ಹೊಸ ತೋಳು ಬೇಕು. ಒಂದೇ ಮಗುವನ್ನು ನಂಬಿದರೆ ಅದು ರಾತ್ರಿ ನಿದ್ದೆಯಲ್ಲಿ ಗುಳ್ಳೆ ಕೆರೆದುಕೊಂಡರೆ ಕತೆ ಮುಗೀತು. ಅದಕ್ಕೇ ಪ್ರತಿ ಸಲ ಇಬ್ಬರಿಗೆ ಹಾಕೋದು. 22 ಮಕ್ಕಳು ಅಂದರೆ 11 ಜೋಡಿ. ಜೋಡಿಗೆ ಒಂಬತ್ತು ದಿನ ಹಿಡಿದರೂ ಮೂರು ತಿಂಗಳು ಎಳೆಯಬಹುದು. ಅಟ್ಲಾಂಟಿಕ್ ದಾಟಲು ಸಾಕು, ಗಾಳಿ ಸರಿಯಾಗಿ ಬೀಸಿದರೆ ಒಂದಿಷ್ಟು ಉಳಿಯುತ್ತದೆ ಕೂಡ. ಈ ಲೆಕ್ಕ ಹಾಕಿದವರು ಫ್ರಾನ್ಸಿಸ್ಕೊ ಹಾವಿಯೆರ್ ದೆ ಬಾಲ್ಮಿಸ್. ಅಲಿಕಾಂತೆ ಊರಿನವರು, ಸೈನ್ಯದಲ್ಲಿ ಶಸ್ತ್ರವೈದ್ಯರಾಗಿದ್ದವರು, ಮೆಕ್ಸಿಕೊವನ್ನು ಮೊದಲೇ ಕಂಡಿದ್ದವರು. ದೊರೆ ಕಾರ್ಲೋಸ್ ಒಪ್ಪಿಕೊಂಡ. ಮಕ್ಕಳನ್ನು ಬೊಕ್ಕಸದ ಖರ್ಚಿನಲ್ಲಿ ಸಾಕಿ, ಓದಿಸಿ, ದುಡಿಮೆಗೆ ಹಚ್ಚುವ ತನಕ ನೋಡಿಕೊಳ್ಳುತ್ತೇವೆ ಅಂತ ಮಾತು ಕೊಟ್ಟ.

ಹಡಗಿನ ಒಳಗೆ

ಲೆಕ್ಕ ಕಾಗದದ ಮೇಲೆ ಚೆನ್ನಾಗಿರುತ್ತದೆ. 22 ಹುಡುಗರನ್ನು ಹಡಗಿನಲ್ಲಿ ಕಟ್ಟಿಹಾಕೋದು ಬೇರೆ ವಿಷಯ.

ಅವರು ಒಬ್ಬರ ಮೇಲೊಬ್ಬರು ಬೀಳಬಾರದು. ಲಸಿಕೆ ಹಾಕಿಸಿಕೊಂಡವನ ತೋಳು ಹಾಕಿಸಿಕೊಳ್ಳದವನಿಗೆ ತಾಗಬಾರದು. ತಾಗಿದರೆ ಅವನಿಗೂ ಹತ್ತಿ, ಮುಂದಿನ ಸರದಿಯ ಒಂದು ತೋಳು ಸುಮ್ನೆ ಹಾಳು. ಕೆರೆದುಕೊಳ್ಳಬಾರದು. ಜೊತೆಗೆ ಹಡಗಿನ ಹೊಯ್ದಾಟ, ವಾಂತಿ, ಜ್ವರ, ಮನೆ ನೆನಪು. ಮನೆ ಅಂತ ಇದ್ದರೆ.

ಇದನ್ನೆಲ್ಲ ನೋಡಿಕೊಂಡವರು ಇಸಾಬೆಲ್ ಸೆಂದಾಲ್. ಲಾ ಕೊರುನ್ಯಾದ ಅನಾಥಾಲಯದ ಮೇಲ್ವಿಚಾರಕಿ. ತಂಡದಲ್ಲಿದ್ದ ಒಬ್ಬರೇ ಹೆಂಗಸು. 22 ಹುಡುಗರಲ್ಲಿ ಒಬ್ಬ, ಒಂಬತ್ತು ವರ್ಷದ ಬೆನಿತೊ, ಅವರದೇ ಮಗ. ವೈದ್ಯರಿಗೆ ಗುಳ್ಳೆ ಕಾಣುತ್ತಿತ್ತು, ಇವರಿಗೆ ಗುಳ್ಳೆಯ ಹಿಂದಿನ ಹುಡುಗ ಕಾಣುತ್ತಿದ್ದ. ಹಗಲು ರಾತ್ರಿ ಮಕ್ಕಳ ಪಕ್ಕದಲ್ಲೇ ಇದ್ದು ಆಕೆ ಆರೋಗ್ಯ ಕೆಡಿಸಿಕೊಂಡರು ಅಂತ ಬಾಲ್ಮಿಸ್ ಅವರೇ ಆಮೇಲೆ ಬರೆದರು. ಬಾಲ್ಮಿಸ್ ಅಷ್ಟು ಸುಲಭವಾಗಿ ಯಾರನ್ನೂ ಹೊಗಳುವವರಲ್ಲ. ಆದರೂ ಸರ್ಕಾರಿ ಕಾಗದಗಳಲ್ಲಿ ಇಸಾಬೆಲ್ ಹೆಸರನ್ನು ಹತ್ತಾರು ಥರ ಬರೆದಿಟ್ಟಿದ್ದಾರೆ. ಹೆಸರು ಕೇಳಿ ತಿಳಿದುಕೊಳ್ಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ ಅಂತ ಕಾಣುತ್ತದೆ.

ದಾರಿಯಲ್ಲಿ ಟೆನೆರಿಫೆ ದ್ವೀಪದಲ್ಲಿ ನಿಂತು ಅಲ್ಲಿನವರಿಗೆ ಲಸಿಕೆ ಹಾಕಿದರು. 1804ರ ಫೆಬ್ರವರಿಯಲ್ಲಿ ಪೋರ್ಟೊರಿಕೊ ಮುಟ್ಟಿದರು. ಅಲ್ಲೊಂದು ಆಘಾತ ಕಾದಿತ್ತು. ಲಸಿಕೆ ಇವರಿಗಿಂತ ಮೊದಲೇ ಅಲ್ಲಿಗೆ ಬಂದುಬಿಟ್ಟಿತ್ತು! ಪಕ್ಕದ ಸೇಂಟ್ ಥಾಮಸ್ ದ್ವೀಪದಿಂದ ತರಿಸಿಕೊಂಡು ಊರಿನ ವೈದ್ಯರೊಬ್ಬರು ಆಗಲೇ ಹಾಕಲು ಶುರು ಮಾಡಿದ್ದರು. ಸಂತೋಷ ಪಡಬೇಕಾದ ಸುದ್ದಿ. ಬಾಲ್ಮಿಸ್ ಸಿಟ್ಟಾದರು. ಆ ಲಸಿಕೆ ಸರಿಯಿಲ್ಲ ಅಂತ ಜಗಳ ತೆಗೆದರು. ದೊಡ್ಡ ಕೆಲಸ ಮಾಡುವವರ ಮನಸ್ಸೂ ಯಾವಾಗಲೂ ದೊಡ್ಡದಾಗಿರೋದಿಲ್ಲ.

ಅಲ್ಲಿಂದ ಮುಂದೆ ವೆನೆಜುವೆಲಾಕ್ಕೆ. ಈ ಸಣ್ಣ ಪ್ರಯಾಣದಲ್ಲೇ ಹೆಪ್ಪು ತಪ್ಪುವುದರಲ್ಲಿತ್ತು. ಮಾರ್ಚ್ 20ರಂದು ಪುಯೆರ್ತೊ ಕಬೆಯೊ ಬಂದರು ಸೇರಿದಾಗ ಇಡೀ ಹಡಗಿನಲ್ಲಿ ಒಬ್ಬನೇ ಒಬ್ಬ ಹುಡುಗನ ತೋಳಲ್ಲಿ ಹದವಾದ ಗುಳ್ಳೆ ಉಳಿದಿತ್ತು. ದೊರೆಯ ಆಜ್ಞೆ, ಹಡಗು, ವೈದ್ಯರು, ಇಷ್ಟು ದೂರದ ಕಡಲು ಎಲ್ಲವೂ ಆ ಒಂದು ಗುಳ್ಳೆಗೆ ಬಂದು ನಿಂತಿತ್ತು. ಇಳಿದ ಕೂಡಲೇ ಊರಿನ ದೊಡ್ಡ ಮನೆಗಳ ಮಕ್ಕಳನ್ನು ಕರೆಸಿ ಅವರ ತೋಳಿಗೆ ಹಾಕಿದರು. ಸರಪಳಿ ಉಳಿಯಿತು.

ವೆನೆಜುವೆಲಾದಲ್ಲಿ ತಂಡ ಎರಡಾಯಿತು. ಹೊಸೆ ಸಾಲ್ವಾನಿ ಅನ್ನೋ ಯುವ ವೈದ್ಯರು ದಕ್ಷಿಣಕ್ಕೆ ಹೊರಟರು. ಮಗ್ದಲೇನಾ ನದಿಯ ಹತ್ತಿರ ಅವರ ಹಡಗು ಒಡೆಯಿತು. ಮುಂದೆ ಒಂದು ಕಣ್ಣು ಹೋಯಿತು. ಎದೆಯ ಕಾಯಿಲೆ ಹತ್ತಿತು. ಆಂಡಿಸ್ ಬೆಟ್ಟಗಳನ್ನು ದಾಟುತ್ತ, ಊರೂರಿಗೆ ಲಸಿಕೆ ಹಾಕುತ್ತ, 1810ರಲ್ಲಿ ಈಗಿನ ಬೊಲಿವಿಯಾದ ಕೊಚಬಾಂಬಾದಲ್ಲಿ ತೀರಿಕೊಂಡರು. ಬಾಲ್ಮಿಸ್ ಬಗ್ಗೆ ಬರೆಯುವವರು ಇವರನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನಾನೂ ಅದನ್ನೇ ಮಾಡುತ್ತಿದ್ದೇನೆ, ಏನು ಮಾಡೋದು.

ಬಾಲ್ಮಿಸ್ ಕ್ಯೂಬಾಕ್ಕೆ ಹೋದರು. ಅಲ್ಲಿಂದ ಮೆಕ್ಸಿಕೊಗೆ ಹೋಗಲು ಹೊಸ ತೋಳುಗಳು ಬೇಕು. ಹವಾನಾದಲ್ಲಿ ಯಾರೂ ಮಕ್ಕಳನ್ನು ಕೊಡಲಿಲ್ಲ. ಆಗ ಅವರು ಮೂರು ಗುಲಾಮ ಹುಡುಗಿಯರನ್ನು ದುಡ್ಡು ಕೊಟ್ಟು ಕೊಂಡರು. ಜೊತೆಗೆ ಸೈನ್ಯದಲ್ಲಿ ನಗಾರಿ ಬಾರಿಸುವ ಒಬ್ಬ ಹುಡುಗ. ಈ ನಾಲ್ವರ ತೋಳಲ್ಲಿ ಲಸಿಕೆ ಮೆಕ್ಸಿಕೊ ಸೇರಿತು. ಈ ಯಾತ್ರೆಯನ್ನು ಹೊಗಳುವ ಬರಹಗಳಲ್ಲಿ ಈ ಭಾಗವನ್ನು ಬೇಗ ದಾಟಿಬಿಡುತ್ತಾರೆ. ನನಗಂತೂ ಇಡೀ ಕತೆಯಲ್ಲಿ ಗಂಟಲಲ್ಲಿ ಸಿಕ್ಕಿಕೊಳ್ಳೋದು ಇದೇ.

ಮೆಕ್ಸಿಕೊದಲ್ಲಿ ಸ್ಪೇನಿನ ಹುಡುಗರ ಕೆಲಸ ಮುಗಿಯಿತು. ಅವರನ್ನು ಅಲ್ಲೇ ಬಿಟ್ಟು, 26 ಮೆಕ್ಸಿಕನ್ ಹುಡುಗರನ್ನು ಕರೆದುಕೊಂಡು ಬಾಲ್ಮಿಸ್ ಮತ್ತು ಇಸಾಬೆಲ್ 1805ರ ಫೆಬ್ರವರಿಯಲ್ಲಿ ಅಕಾಪುಲ್ಕೊದಿಂದ ಫಿಲಿಪ್ಪೀನ್ಸಿಗೆ ಹೊರಟರು. ಆ ಹಡಗಿನಲ್ಲಿ ಮಕ್ಕಳಿಗೆ ಕೊಟ್ಟ ಜಾಗ ಕೊಳಕಾಗಿತ್ತು, ದೊಡ್ಡ ದೊಡ್ಡ ಇಲಿಗಳಿದ್ದವು ಅಂತ ಬಾಲ್ಮಿಸ್ ದೂರು ಬರೆದಿದ್ದಾರೆ. ಹುಡುಗರು ನೆಲದ ಮೇಲೆ ಒತ್ತೊತ್ತಾಗಿ ಮಲಗುತ್ತಿದ್ದರು. ಹಡಗು ವಾಲಿದಾಗ ಒಬ್ಬರ ಮೇಲೊಬ್ಬರು ಉರುಳಿ, ಸರದಿ ಬರುವ ಮೊದಲೇ ಕೆಲವರಿಗೆ ಲಸಿಕೆ ಹತ್ತಿಬಿಡುತ್ತಿತ್ತು. ಆದರೂ ಏಪ್ರಿಲ್‌ನಲ್ಲಿ ಮನಿಲಾ ಸೇರುವ ಹೊತ್ತಿಗೆ ಹೆಪ್ಪು ಬದುಕಿತ್ತು. ಬಾಲ್ಮಿಸ್ ಅಲ್ಲಿಂದ ಮೂವರು ಹುಡುಗರೊಂದಿಗೆ, ಬಿರುಗಾಳಿಗೆ ಸಿಕ್ಕಿ ಬದುಕಿಕೊಂಡು, ಮಕಾವ್ ಮತ್ತು ಕ್ಯಾಂಟನ್‌ಗೂ ಹೋದರು. 1806ರ ಸೆಪ್ಟೆಂಬರ್‌ನಲ್ಲಿ ಸ್ಪೇನಿಗೆ ಮರಳಿ ದೊರೆಯ ಕೈಗೆ ಮುತ್ತಿಟ್ಟರು. ಭೂಮಿಯನ್ನು ಒಂದು ಸುತ್ತು ಹಾಕಿ ಬಂದಿದ್ದರು.

ಮೇಣದ ಉಂಡೆ, ಮುಂಬಯಿಯ ಹುಡುಗಿ, ಮೈಸೂರಿನ ರಾಣಿ

ಭಾರತಕ್ಕೆ ಲಸಿಕೆ ಬಂದಿದ್ದು ಬೇರೆ ದಾರಿಯಲ್ಲಿ, ಒಂದೂವರೆ ವರ್ಷ ಮೊದಲೇ. ಇಂಗ್ಲೆಂಡಿನಿಂದ ಆಫ್ರಿಕಾ ಸುತ್ತಿ ಬರುವ ಹಡಗಿಗೆ ಐದಾರು ತಿಂಗಳು ಹಿಡಿಯುತ್ತಿತ್ತು. ಅಷ್ಟು ದೂರಕ್ಕೆ ಲಸಿಕೆ ತಾಳುತ್ತಿರಲಿಲ್ಲ. ಕೊನೆಗೆ ಕೆಲಸ ಮಾಡಿದ್ದು ವಿಯೆನ್ನಾದಲ್ಲಿದ್ದ ಜಾನ್ ದೆ ಕಾರೊ ಅನ್ನೋ ವೈದ್ಯರ ಜಾಣತನ. ಇಟಲಿಯ ಲೊಂಬಾರ್ಡಿ ಸೀಮೆಯ ಹಸುಗಳಿಂದ ಬಂದ ರಸವನ್ನು ಅವರು ಗಾಜಿನ ತುಂಡುಗಳ ನಡುವೆ ಇಟ್ಟರು. ಅದನ್ನು ಕರಗಿದ ಮೇಣದಲ್ಲಿ ಮತ್ತೆ ಮತ್ತೆ ಅದ್ದಿ ಗಟ್ಟಿ ಉಂಡೆ ಮಾಡಿದರು. ಕಾಗದದ ಚೂರು ತುಂಬಿದ ಪೆಟ್ಟಿಗೆಯಲ್ಲಿಟ್ಟು ಕಳಿಸಿದರು. ಕಾನ್ಸ್ಟಾಂಟಿನೋಪಲ್ ದಾಟಿ ಅದು ಬಾಗ್ದಾದ್ ಮುಟ್ಟಿತು. ಒಡೆದು ನೋಡಿದರೆ ರಸ ಇನ್ನೂ ಒಣಗಿರಲಿಲ್ಲ. ಅಲ್ಲಿಂದ ಮತ್ತೆ ತೋಳಿಂದ ತೋಳಿಗೆ ಬಾಸ್ರಾ. ಬಾಸ್ರಾದಿಂದ ಹಡಗಿನಲ್ಲಿ ಮುಂಬಯಿ.

1802ರ ಜೂನ್ 14ರಂದು ಮುಂಬಯಿಯಲ್ಲಿ ಹಲವು ಮಕ್ಕಳಿಗೆ ಲಸಿಕೆ ಹಾಕಿದರು. ಅವರಲ್ಲಿ ಒಬ್ಬಳ ತೋಳಲ್ಲಿ ಮಾತ್ರ ಸರಿಯಾದ ಗುಳ್ಳೆ ಎದ್ದಿತು. ಆನ್ನಾ ಡಸ್ಟ್‌ಹಾಲ್, ಮೂರು ವರ್ಷದ ಹುಡುಗಿ. ಮುಂದಿನ ವಾರ ಅವಳ ತೋಳಿನಿಂದ ಐವರು ಮಕ್ಕಳಿಗೆ ಹಾಕಿದರು. ಅಲ್ಲಿಂದ ಪುಣೆ, ಸೂರತ್, ಹೈದರಾಬಾದ್, ಮದ್ರಾಸ್. ಆ ದಿನಗಳಲ್ಲಿ ಈ ದೇಶದಲ್ಲಿ ಹರಡಿದ ಲಸಿಕೆಗೆಲ್ಲ ಆ ಒಂದು ಪುಟ್ಟ ತೋಳೇ ತವರು.

ಜನ ಒಪ್ಪಿದರಾ? ಅಷ್ಟು ಸುಲಭವಾಗಿ ಇಲ್ಲ. ಯಾರದೋ ಮಗುವಿನ ಗುಳ್ಳೆಯ ರಸವನ್ನು ನಮ್ಮ ಮಗುವಿನ ರಕ್ತಕ್ಕೆ ಸೇರಿಸೋದು ಅಂದರೆ ಮೈಲಿಗೆಯ ಪ್ರಶ್ನೆ ಎದ್ದೇ ಏಳುತ್ತದೆ. ಯಾವ ಜಾತಿಯ ತೋಳು ಅಂತ ಕೇಳಿದರು. ಅಮ್ಮನಿಗೆ ಸಿಟ್ಟು ಬಂದರೆ ಅನ್ನೋ ಹೆದರಿಕೆ ಬೇರೆ. ಟೀಕಾದಾರರಿಗೆ ಹೊಟ್ಟೆಪಾಡಿನ ಚಿಂತೆ. ಹಸುವಿನಿಂದ ಬಂದದ್ದು ಅಂದರೆ ಹಿಂದೂಗಳು ಖುಷಿಯಿಂದ ಒಪ್ಪುತ್ತಾರೆ ಅಂತ ಕಂಪನಿಯವರು ಎಣಿಸಿದ್ದರು. ಮದ್ರಾಸಿನಲ್ಲಂತೂ ಇದು ಧನ್ವಂತರಿ ಕಾಲದಿಂದಲೂ ಇದ್ದ ಪದ್ಧತಿ ಅಂತ ತೋರಿಸುವ ಸಂಸ್ಕೃತ ಶ್ಲೋಕಗಳೂ ಹುಟ್ಟಿಕೊಂಡವು. ಜನರನ್ನು ಒಪ್ಪಿಸಲು ಹೊಸದಾಗಿ ಬರೆದದ್ದು ಅಂತ ವಿದ್ವಾಂಸರು ಆಮೇಲೆ ತೋರಿಸಿದರು. ಆ ಶ್ಲೋಕಗಳು ಈಗಲೂ ಆಗಾಗ ವಾಟ್ಸಾಪ್‌ಗೆ ಬಂದು ಹೋಗುವ ಮಾತುಗಳ ಅಜ್ಜಂದಿರು.

ಇಂಥ ಹೊತ್ತಿನಲ್ಲಿ ಮೈಸೂರು ಕತೆಯೊಳಗೆ ಬರುತ್ತದೆ. 1799ರಲ್ಲಿ ಟಿಪ್ಪು ಸತ್ತ ಮೇಲೆ ಕಂಪನಿಯವರು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಸಿಂಹಾಸನದ ಮೇಲೆ ಕೂರಿಸಿದರು. ಹಿಂದೆ ನಿಂತು ಮನೆತನ ಉಳಿಸಿದವರು ಅಜ್ಜಿ ಮಹಾರಾಣಿ ಲಕ್ಷ್ಮಮ್ಮಣ್ಣಿ. ಕೆಲವು ವರ್ಷದ ನಂತರ ಎಳೆಯ ರಾಜನಿಗೆ ದೇವಾಜಮ್ಮಣ್ಣಿಯವರನ್ನು ತಂದುಕೊಂಡರು. ಇಬ್ಬರೂ ಹನ್ನೆರಡರ ಆಸುಪಾಸಿನವರು.

ಥಾಮಸ್ ಹಿಕ್ಕಿ ಅನ್ನೋ ಐರಿಷ್ ಕಲಾವಿದ 1805ರಲ್ಲಿ ಬಿಡಿಸಿದ ಒಂದು ತೈಲಚಿತ್ರ ಇದೆ. ಒಡವೆ ಹಾಕಿಕೊಂಡ ಮೂವರು ಹೆಂಗಸರು ನಿಂತಿದ್ದಾರೆ. ಬಹಳ ಕಾಲ ಇವರನ್ನು ನರ್ತಕಿಯರು ಅಂದುಕೊಂಡಿದ್ದರು. 2007ರಲ್ಲಿ ಚಿತ್ರ ಸೋಥ್‌ಬೀಸ್ ಹರಾಜಿಗೂ ಬಂತು. ಕೇಂಬ್ರಿಜ್‌ನ ಇತಿಹಾಸಕಾರ ನೈಜಲ್ ಚಾನ್ಸೆಲರ್ ಇದನ್ನು ಬೇರೆ ರೀತಿ ಓದಿದರು. ಬಲಗಡೆಯ ಹುಡುಗಿ ಸೀರೆಯನ್ನು ತೋಳಿನಿಂದ ಒಂಚೂರು ಸರಿಸಿ ಹಿಡಿದಿದ್ದಾಳೆ. ಅರಮನೆಯ ಹೆಂಗಸರು ಚಿತ್ರಕ್ಕೆ ನಿಲ್ಲುವುದೇ ಅಪರೂಪ. ನಿಂತರೂ ಹೀಗೆ ತೋಳು ಯಾಕೆ ತೋರಿಸುತ್ತಾರೆ? ಲಸಿಕೆ ಹಾಕಿದ ಜಾಗ ತೋರಿಸುತ್ತಿದ್ದಾರೆ ಅನ್ನೋದು ಅವರ ಉತ್ತರ. ಆಕೆ ಕಿರಿಯ ರಾಣಿ ದೇವಾಜಮ್ಮಣ್ಣಿ. ಎಡಗಡೆಯವರು ಅದೇ ಹೆಸರಿನ ಹಿರಿಯ ರಾಣಿ. ಅವರ ಮೂಗು, ಬಾಯಿಯ ಸುತ್ತ ಬಣ್ಣ ಮಾಸಿದ ಹಾಗೆ ಬಿಡಿಸಿದೆ. ಹಕ್ಕಳೆ ಪುಡಿಯನ್ನು ಮೂಗಿಗೆ ಊದುವ ಹಳೆಯ ಪದ್ಧತಿ ನೆನಪಿದೆಯಲ್ಲ? ಅದರ ಗುರುತು ಅದು ಅನ್ನುತ್ತಾರೆ ಚಾನ್ಸೆಲರ್. ಅಂದರೆ ಒಂದೇ ಚಿತ್ರದ ಎಡಕ್ಕೆ ಹಳೆಯ ಉಪಾಯ, ಬಲಕ್ಕೆ ಹೊಸದು. ನಡುವೆ ನಿಂತವರು ಬಹುಶಃ ಲಕ್ಷ್ಮಮ್ಮಣ್ಣಿ. ಅವರ ಗಂಡ ಹೋದದ್ದೂ ಸಿಡುಬಿನಿಂದಲೇ ಅನ್ನೋದು ಚಾನ್ಸೆಲರ್ ಮಾತು.

ಈ ಓದನ್ನು ನಾನು ಒಪ್ಪುತ್ತೇನೆ. ಆ ಕೈ ಸೀರೆ ಹಿಡಿದಿರುವ ರೀತಿ ನೋಡಿದರೆ ಸುಮ್ನೆ ನಿಂತ ಹಾಗೆ ಅನಿಸೋದಿಲ್ಲ. ನಾವೂ ಕೊರೊನಾ ಲಸಿಕೆ ಹಾಕಿಸಿಕೊಂಡ ದಿನ ತೋಳು ಮಡಚಿ ಸೆಲ್ಫಿ ಹಾಕಿದೆವಲ್ಲ, ಹಾಗೆ.

ತೋಳಿನಿಂದ ಕರುವಿಗೆ

ತೋಳಿಂದ ತೋಳಿಗೆ ಸಾಗುವ ಲಸಿಕೆಯ ಜೊತೆ ಬೇರೆ ರೋಗವೂ ಸಾಗುತ್ತಿತ್ತು. 1861ರಲ್ಲಿ ಇಟಲಿಯ ರಿವಾಲ್ಟಾದಲ್ಲಿ ಒಂದು ಮಗುವಿನಿಂದ ಹತ್ತಾರು ಮಕ್ಕಳಿಗೆ ಸಿಫಿಲಿಸ್ ಹತ್ತಿತು. ಆಮೇಲೆ ಮಕ್ಕಳ ಬದಲು ಕರುಗಳ ಚರ್ಮದ ಮೇಲೆ ಲಸಿಕೆ ಬೆಳೆಸುವ ಪದ್ಧತಿ ಬಲವಾಯಿತು. ರಸಕ್ಕೆ ಗ್ಲಿಸರಿನ್ ಬೆರೆಸಿ ಇಡಲು ಕಲಿತರು. 1898ರಲ್ಲಿ ಬ್ರಿಟನ್ ತೋಳಿಂದ ತೋಳಿಗೆ ಹಾಕುವುದನ್ನು ನಿಷೇಧಿಸಿತು. ಬೆಳಗಾವಿಯವರಿಗೆ ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಗೊತ್ತಿರುತ್ತದೆ. ಈಗ ಸಭೆ ನಡೆಸೋಕೆ, ಬೆಳಗಿನ ಹೊತ್ತು ವಾಕಿಂಗ್ ಮಾಡೋಕೆ ಹೋಗುವ ಆ ದೊಡ್ಡ ಜಾಗಕ್ಕೆ ಆ ಹೆಸರು ಬಂದಿದ್ದು ಸಿಡುಬಿನ ಲಸಿಕೆ ಅಲ್ಲಿ ತಯಾರಾಗುತ್ತಿದ್ದುದರಿಂದ. 1950ರ ದಶಕದಲ್ಲಿ ಲಸಿಕೆಯನ್ನು ಹೆಪ್ಪುಗಟ್ಟಿಸಿ ಒಣಗಿಸಿ ಪುಡಿ ಮಾಡುವ ವಿಧಾನ ಪಕ್ಕಾ ಆಯಿತು. ಬಿಸಿಲಿಗೂ ಕೆಡದ ಪುಡಿ. ಬಾಲ್ಮಿಸ್ ಕೈಗೆ ಅದರ ಒಂದು ಡಬ್ಬಿ ಸಿಕ್ಕಿದ್ದರೆ ಯಾವ ಹುಡುಗನೂ ಹಡಗು ಹತ್ತಬೇಕಿರಲಿಲ್ಲ.

ಭಾರತದಲ್ಲಿ ಕೊನೆಯ ಸಿಡುಬು ಕಂಡದ್ದು 1975ರ ಮೇ ತಿಂಗಳಲ್ಲಿ. 1980ರ ಮೇ 8ರಂದು ಸಿಡುಬು ಭೂಮಿಯಿಂದಲೇ ಹೋಯಿತು ಅಂತ ವಿಶ್ವ ಆರೋಗ್ಯ ಸಂಸ್ಥೆ ಸಾರಿತು. 2020ರಲ್ಲಿ ಕೊರೊನಾ ಬಂದಾಗ ಸ್ಪೇನಿನ ಸೈನ್ಯ ತನ್ನ ಕಾರ್ಯಾಚರಣೆಗೆ ಬಾಲ್ಮಿಸ್ ಹೆಸರಿಟ್ಟಿತು. ಮ್ಯಾಡ್ರಿಡ್‌ನಲ್ಲಿ ಕಟ್ಟಿದ ದೊಡ್ಡ ಆಸ್ಪತ್ರೆಗೆ ಇಸಾಬೆಲ್ ಸೆಂದಾಲ್ ಹೆಸರು. ಈ ಸಲ ಕಾಗುಣಿತ ಸರಿಯಾಗಿ ಬರೆದರು.

ಇಸಾಬೆಲ್ ಸ್ಪೇನಿಗೆ ಮರಳಲಿಲ್ಲ. ಮನಿಲಾಕ್ಕೆ ಬಂದಿದ್ದ ಮೆಕ್ಸಿಕೊದ ಹುಡುಗರನ್ನು ಮತ್ತೆ ಅವರ ಊರಿಗೆ ಕರೆದುಕೊಂಡು ಬಂದರು. ಅಷ್ಟೊತ್ತಿಗೆ 1809. ಆಮೇಲೆ ಮಗ ಬೆನಿತೊ ಜೊತೆ ಪುಯೆಬ್ಲಾ ಊರಿನಲ್ಲಿ ನೆಲೆಸಿದರು. ಲಾ ಕೊರುನ್ಯಾದಿಂದ ಜೊತೆಗೆ ಬಂದಿದ್ದ ಹುಡುಗರೂ ಮೆಕ್ಸಿಕೊದಲ್ಲೇ ಉಳಿದರು. ದೊರೆ ಕೊಟ್ಟ ಮಾತಿಗೆ ಸರಿಯಾಗಿ ಅವರಿಗೆ ಶಾಲೆ ಸಿಗಬೇಕಿತ್ತು. ಮೊದಲು ಸಿಕ್ಕಿದ್ದು ಮೆಕ್ಸಿಕೊ ನಗರದ ಬಡವರ ಛತ್ರ. ಬಾಲ್ಮಿಸ್ ಅದಕ್ಕೂ ಜಗಳ ಮಾಡಿದರು. ಕೆಲವರನ್ನು ಅಲ್ಲಿನ ಮನೆಗಳವರು ದತ್ತು ತೆಗೆದುಕೊಂಡರು. ಹಡಗು ಹತ್ತುವಾಗ ಮೂರು ವರ್ಷವಾಗಿದ್ದವನಿಗೆ ಈಗ ಒಂಬತ್ತು. ಲಾ ಕೊರುನ್ಯಾದಲ್ಲಿ ಗಂಟು ಕಟ್ಟಿ ಕೊಟ್ಟಿದ್ದ ಆರು ಅಂಗಿಗಳಲ್ಲಿ ಒಂದೂ ಅವನಿಗೆ ಆಗುತ್ತಿರಲಿಲ್ಲ.